ಬೈಕುಲ್ಲಾದ ಕಾಫಿ, ಬೊರಿವಲಿಯ ಪಾಠ

ನನ್ನ ಉದ್ಯೋಗ ಏನೆಂದು ಲೋಕಲ್ ರೈಲಿನಲ್ಲಿ ಯಾರಿಗಾದರೂ ವಿವರಿಸಿ ಮುಗಿಸುವಷ್ಟರಲ್ಲಿ ಅವರ ಸ್ಟೇಷನ್ ಬಂದುಬಿಡುತ್ತದೆ. ಕೆಲಸ ಬಲ್ಲವರಿಗೆ ಅದೇ ಕೆಲಸವನ್ನು ಇನ್ನೊಮ್ಮೆ ಕಲಿಸುವುದು ಹೇಗೆಂದು ಧಣಿಗಳಿಗೆ ಸಲಹೆ ಕೊಟ್ಟು, ಆಮೇಲೆ ನಾನೇ ಹೋಗಿ ಕಲಿಸುವುದು. ಆಫೀಸಿನಲ್ಲಿ ನನ್ನನ್ನು ಟ್ರೇನಿಂಗ್ ಕನ್ಸಲ್ಟೆಂಟ್ ಎನ್ನುತ್ತಾರೆ. ಹೆಂಡತಿ 'ಇವರದು ಮಾತಾಡುವ ಕೆಲಸ' ಎಂದು ಮೂರೇ ಪದದಲ್ಲಿ ಮುಗಿಸುತ್ತಾಳೆ. ಈಚೆಗೆ ಆ ಮಾತನ್ನೂ ಬೊರಿವಲಿಯ ನಮ್ಮ ಮಲಗುವ ಕೋಣೆಯಲ್ಲೇ ಕೂತು ಲ್ಯಾಪ್‌ಟಾಪಿನ ಮುಂದೆ ಆಡಬೇಕಾಗಿದೆ. ದೂರಶಿಕ್ಷಣವಂತೆ. ಕ್ಯಾಮೆರಾಕ್ಕೆ ಕಾಣುವ ಅರ್ಧ ಮಂಚ ಅಚ್ಚುಕಟ್ಟಾಗಿರುತ್ತದೆ, ಉಳಿದರ್ಧದ ಮೇಲೆ ಇಡೀ ಮನೆಯ ಒಗೆದ ಬಟ್ಟೆ ಬಿದ್ದಿರುತ್ತದೆ. ನನ್ನ ಮನಸ್ಸೂ ಈಗ ಹೆಚ್ಚುಕಡಿಮೆ ಹಾಗೆಯೇ ಇದೆ.

ಮೊದಲು ಹೀಗಿರಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಿ, ಬೆವರು ಒರೆಸಿಕೊಳ್ಳುತ್ತಾ ಬೈಕುಲ್ಲಾದ ಒಂದು ಉಡುಪಿ ಹೋಟೆಲಿಗೆ ಹೋಗುತ್ತಿದ್ದೆ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚಿನ ಬಿಡುವಿನಲ್ಲಿ, ಹೋಟೆಲಿನ ಅಟ್ಟದ ಮೇಲೆ ವೇಟರುಗಳಿಗೆ ಪಾಠ. ಮ್ಯಾನೇಜರ್ ಶೀನಣ್ಣ ಕಾರ್ಕಳದ ಕಡೆಯವರು. ನಾನು ಬಾಯಿ ತೆರೆಯುವ ಮೊದಲೇ ನನ್ನೆದುರು ಕಾಫಿ ಇಡಿಸುತ್ತಿದ್ದರು. ಗಿರಾಕಿಯನ್ನು ನಗುತ್ತಾ ಸ್ವಾಗತಿಸಿ ಎಂದು ನಾನು ಹೇಳಿಕೊಟ್ಟ ದಿನ, ಕಲಬುರಗಿಯ ಬಸವರಾಜ ಎದ್ದು ನಿಂತು, "ಸರ್, ಗಿರಾಕಿ ನಗಲಿಲ್ಲಂದ್ರ ನಾವಷ್ಟ ನಕ್ಕೋತ ನಿಂದರಬೇಕೇನ್ರಿ?" ಎಂದು ಕೇಳಿದ್ದ. ಇಡೀ ಅಟ್ಟ ನಕ್ಕಿತ್ತು. ಆ ನಗು ಈಗ ಸಿಗುವುದಿಲ್ಲ. ಅವರು ಮೈಕ್ ಮುಚ್ಚಿಕೊಂಡು ನಗುತ್ತಾರೆ, ನನಗೆ ಹಲ್ಲು ಮಾತ್ರ ಕಾಣುತ್ತದೆ. ಜನರ ನಡುವೆ ಕೂರಬೇಕೆಂಬ ಆಸೆ ಈ ವಯಸ್ಸಿನಲ್ಲಿ ಇಷ್ಟು ಕಾಡುತ್ತದೆಂದು ನಾನು ಎಣಿಸಿರಲಿಲ್ಲ.

ದೂರಶಿಕ್ಷಣ ಶುರುವಾದ ಮೇಲೆ ಬೈಕುಲ್ಲಾದ ತಂಡ ಒಂದೇ ಮೊಬೈಲನ್ನು ಮೇಜಿನ ಮೇಲೆ ಆನಿಸಿಟ್ಟು ಪಾಠ ಕೇಳತೊಡಗಿತು. ಆದರೆ ಪಾಠ ಶುರುವಾದ ಕೂಡಲೇ ಅವರ ಮುಖಗಳೆಲ್ಲ ಮಂಜುಮಂಜು. ಒರೆಸಿ ಎಂದರೆ ಒರೆಸುತ್ತಿದ್ದರು, ಮತ್ತೆ ಮಂಜು. ಆಫೀಸಿನ ಟೆಕ್ನಿಕಲ್ ಹುಡುಗಿ ನನ್ನ ನೆಟ್‌ವರ್ಕನ್ನು ದೂರಿದಳು, ನಾನು ಬಿಲ್ಡಿಂಗಿನ ವೈಫೈಯವನ ಜೊತೆ ಜಗಳವಾಡಿದೆ, ಹೆಂಡತಿ ನನ್ನ ಕನ್ನಡಕ ತೊಳೆದುಕೊಟ್ಟಳು. ಕೊನೆಗೆ ಶೀನಣ್ಣನಿಗೇ ಫೋನ್ ಮಾಡಿದೆ.

"ಅದು ನೆಟ್‌ವರ್ಕ್ ಅಲ್ಲ ಮಾರಾಯ್ರೆ, ನಿಮ್ಮ ಕಾಫಿ," ಎಂದರು ಅವರು. "ಪಾಠ ಮಾಡುವವರ ಎದುರು ಬರೀ ಮೇಜು ಇಡ್ಲಿಕ್ಕುಂಟಾ?"

ಮೊಬೈಲಿನ ಮುಂದೆ ಪ್ರತಿ ಸಲವೂ ಬಿಸಿ ಕಾಫಿ ಇಡುತ್ತಿದ್ದರಂತೆ, ಅದರ ಹಬೆಯೇ ಕ್ಯಾಮೆರಾಕ್ಕೆ ಕವಿಯುತ್ತಿದ್ದದ್ದು. ಪಾಠ ಮುಗಿದ ಮೇಲೆ ನನ್ನ ಪರವಾಗಿ ಅವರೇ ಕುಡಿಯುತ್ತಿದ್ದರಂತೆ, ಆರಿದ್ದರೂ. ಫೋನಿಟ್ಟ ಮೇಲೆ ನನಗೆ ಅಳು ಬಂತು. ಬಟ್ಟೆ ಮಡಚುತ್ತಿದ್ದ ಹೆಂಡತಿ, ಕಾಫಿಗೆ ಯಾರಾದರೂ ಅಳುತ್ತಾರಾ ಎಂದು ಕೇಳಿ, ಒಳಗೆ ಹೋಗಿ ಚಹಾ ಮಾಡಿ ತಂದಳು.

ಅಷ್ಟರಲ್ಲಿ ಆಫೀಸಿನಿಂದ ಸುದ್ದಿ ಬಂತು. ಇನ್ನೊಂದೇ ಪಾಠ, ಅದನ್ನು ಮೇಲ್ವಿಚಾರಕಿ ಮೇಡಮ್, ಕನ್ನಡ ಬಾರದಿದ್ದರೂ, ತಮ್ಮ ಪರದೆಯಲ್ಲಿ ಸ್ವತಃ ನೋಡುತ್ತಾರೆ, ವಿದ್ಯಾರ್ಥಿಗಳ ಆಸಕ್ತಿ ಕಂಡರೆ ಸರಿ, ಇಲ್ಲವಾದರೆ ಮುಂದೆ ಬರೀ ರೆಕಾರ್ಡಿಂಗ್. ಅಂದರೆ ಆ ಮಂಜು ಮುಖಗಳೂ ಇನ್ನು ನನ್ನ ಪಾಲಿಗಿಲ್ಲ. ನಾನು ಯಾರಿಗೂ ಹೇಳದೆ ಲ್ಯಾಪ್‌ಟಾಪ್ ಬಗಲಿಗೇರಿಸಿಕೊಂಡು ಬೈಕುಲ್ಲಾಕ್ಕೆ ಹೊರಟೆ. ಕೆಳಗಿನ ಹಾಲ್‌ನಲ್ಲಿ ಕೂತು ಮೇಡಮ್ಮಿಗಾಗಿ ಪಾಠ ಮುಗಿಸುವುದು, ಆಮೇಲೆ ಮೆಟ್ಟಿಲು ಹತ್ತಿ ಎಲ್ಲರನ್ನೂ ಬೆರಗುಗೊಳಿಸುವುದು ನನ್ನ ಉಪಾಯ.

ಹಾಲ್ ಖಾಲಿ. ಗಲ್ಲಾದಲ್ಲಿ ಧಣಿ ತೂಕಡಿಸುತ್ತಿದ್ದರು. ಅವತ್ತಿನ ಪಾಠ, ಬಂದ ಗಿರಾಕಿಯನ್ನು ಕಾಯಿಸಬಾರದು ಎಂಬುದು. ನಾನು ಗಂಟಲು ಸರಿಮಾಡಿಕೊಂಡು ಆರಂಭಿಸಿದೆ. ನೀರು ಬೇಕೇ ಎಂದು ಕೇಳುವವರಿಲ್ಲ, ಏಕೆಂದರೆ ಕೇಳಬೇಕಾದವರೆಲ್ಲ ಮೇಲೆ ಕೂತು ನನ್ನಿಂದ ಅದನ್ನೇ ಕಲಿಯುತ್ತಿದ್ದರು. ನಾನೊಂದು ತಮಾಷೆ ಹೇಳಿದೆ. ತಲೆಯ ಮೇಲಿನ ಹಲಗೆಗಳಿಂದ ಆ ನಗು ಇಳಿದು ಬಂತು. ಎಷ್ಟು ದಿನವಾಗಿತ್ತು ಅದನ್ನು ಕೇಳಿ.

ಬಸವರಾಜ ಮೊಬೈಲಿಗೆ ಮುಖ ತಂದು ಕಣ್ಣು ಕಿರಿದು ಮಾಡಿ ನೋಡಿದ. "ಸರ್, ನಿಮ್ಮ ಹಿಂದಿನ ಗ್ವಾಡಿ ನಮ್ಮ ಹೋಟೆಲಿಂದು ಇದ್ದಂಗ ಐತಲ್ರಿ?"

"ಕೆಳಗೇ ಇದ್ದೇನೆ ಬಸವರಾಜ," ಎಂದೆ. "ಗಿರಾಕಿ ಕಾಯ್ತಾ ಇದ್ದಾನೆ." ಲ್ಯಾಪ್‌ಟಾಪ್ ಮುಚ್ಚಿದೆ.

ಮರದ ಮೆಟ್ಟಿಲು ದಡದಡ ಸದ್ದು ಮಾಡಿತು. ಎಲ್ಲರಿಗಿಂತ ಮುಂದೆ ಶೀನಣ್ಣ, ಮಂಡಿನೋವಿದ್ದರೂ. ಬಂದವರೇ ನನ್ನ ಭುಜ ಹಿಡಿದು, ಬಡಕಲಾಗಿದ್ದೀರಿ ಎಂದು ಗದರಿದರು. ಒಬ್ಬ ನೀರು ತಂದ, ಇನ್ನೊಬ್ಬ ಫ್ಯಾನು ಹಾಕಿದ, ಬಸವರಾಜ ಒಳಗೆ ಹೋಗಿ ಅಡುಗೆಭಟ್ಟರನ್ನು ನಿದ್ದೆಯಿಂದ ಎಬ್ಬಿಸಿದ.

ನೀರುದೋಸೆ ಬರುವಾಗ ಮೇಡಮ್ಮಿನ ಸಂದೇಶವೂ ಬಂತು. ಪಾಠದ ನಡುವೆಯೇ ವಿದ್ಯಾರ್ಥಿಗಳೆಲ್ಲ ಎದ್ದು ಓಡಿಹೋಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ, ಆಸಕ್ತಿ ಸೊನ್ನೆ, ಮುಂದಿನ ತಂಡದಿಂದ ರೆಕಾರ್ಡಿಂಗೇ ಖಚಿತ. ಓಡಿದ್ದಂತೂ ನಿಜ. ಯಾವ ಕಡೆಗೆ ಓಡಿದರು ಎಂದು ಅವರಿಗೆ ವಿವರಿಸಿ ನನ್ನ ಪಾಠವನ್ನು ಉಳಿಸಿಕೊಳ್ಳಬಹುದಿತ್ತೇನೋ. ಆದರೆ ದೋಸೆ ಆರುತ್ತಿತ್ತು, ಇಷ್ಟು ಜನ ಸುತ್ತ ನಿಂತು ನಾನು ತಿನ್ನುವುದನ್ನೇ ನೋಡುತ್ತಿದ್ದರು. ಮಾತಾಡುವ ಕೆಲಸದವನ ಬಾಯಿಗೆ ಬಿಡುವಿರಲಿಲ್ಲ.