ನಮ್ಮ ಆಫೀಸಿನ ಸಭಾಂಗಣದ ಎಸಿಗೆ, ಶ್ರುತಿ ಕೆಡಿಸಿದ ಬಾಬತ್ತು

ಮಾನ್ಯ ಹವಾನಿಯಂತ್ರಕ ಮಹಾಶಯರೇ,

ಮಣಿಕೊಂಡದ ಬಳಿಯ ನಮ್ಮ ಸಾಫ್ಟ್‌ವೇರ್ ಕಚೇರಿಯ ಮೂರನೆಯ ಮಹಡಿಯಲ್ಲಿ ವಿರಾಜಮಾನರಾಗಿ, ಹೊರಗೆ ಹೈದರಾಬಾದಿನ ಮೇ ತಿಂಗಳು ಧಗಧಗ ಉರಿಯುತ್ತಿದ್ದರೂ ಒಳಗೆ ನಮಗೆಲ್ಲ ಸ್ವೆಟರು ತೊಡಿಸುವ ತಮಗೆ, ಅದೇ ಕಚೇರಿಯಲ್ಲಿ ಬೇರೆಯವರ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವ ಪ್ರಾಣೇಶನ ಭಯಭಕ್ತಿಪೂರ್ವಕ ನಮಸ್ಕಾರಗಳು. ಕಳೆದ ಫ್ಯಾಮಿಲಿ ಡೇ ದಿವಸ ತಾವು ನನ್ನ ಸಂಗೀತ ಕಛೇರಿಯನ್ನೂ ಸಂಸಾರವನ್ನೂ ಒಂದೇ ಏಟಿಗೆ ಹಾಳುಮಾಡಿದ್ದರ ಬಗ್ಗೆ ದೂರು ಸಲ್ಲಿಸಲು ಈ ಪತ್ರ.

ತಮಗೆ ಹಿನ್ನೆಲೆ ತಿಳಿದಿರಲಿಕ್ಕಿಲ್ಲ. ಕಂಪನಿ ಖರ್ಚಿನಲ್ಲಿ ಆರು ತಿಂಗಳು ಹಾಲೆಂಡಿಗೆ ಹೋಗಿದ್ದ ನಾನು, ಎಲ್ಲರಂತೆ ಚಾಕೊಲೇಟು ತರುವುದು ಬಿಟ್ಟು, ಮುನ್ನೂರು ವರ್ಷ ಹಿಂದಿನ ಮಾದರಿಯ ಮರದ ಕೊಳಲೊಂದನ್ನು ತಂದೆ. ಆ ಕಾಲದ ಯುರೋಪಿನ ಬರೋಕ್ ಸಂಗೀತವನ್ನು ಆ ಕಾಲದ ವಾದ್ಯದಲ್ಲೇ ನುಡಿಸಬೇಕೆಂಬ ಹುಚ್ಚು ಆಗ ಹತ್ತಿದ್ದು. ಈ ಹುಚ್ಚು ನನ್ನ ಹೆಂಡತಿ ವೇದವತಿಗೂ ಅಂಟಿತು, ಆದರೆ ಆಕೆಗೆ ಅಂಟಿದ್ದು ಬುದ್ಧಿಯ ಸಮೇತ. ಡಿಫೆನ್ಸ್ ಕಾರ್ಖಾನೆಯಲ್ಲಿ ಉಪಕರಣ ತಯಾರಿಸುವ ಟೂಲ್‌ರೂಮಿನಲ್ಲಿ ದುಡಿದ ನಮ್ಮ ಮಾವನವರ ಮಗಳಲ್ಲವೇ! ಕೀಲಿ ಒತ್ತಿದರೆ ಒಳಗಿನ ತಂತಿ ಮೀಟುವ, ಪಿಯಾನೋಗಿಂತ ಹಳೆಯದಾದ ಹಾರ್ಪ್ಸಿಕಾರ್ಡನ್ನು ಬಿಡಿಭಾಗಗಳಾಗಿ ತರಿಸಿ, ನಮ್ಮ ಊಟದ ಮೇಜಿನ ಮೇಲೆ ಎರಡು ವರ್ಷ ಮರ ಉಜ್ಜಿ, ತಂತಿ ಬಿಗಿದು, ತಾನೇ ಜೋಡಿಸಿದಳು. ಆ ಎರಡು ವರ್ಷವೂ ನಾವು ನೆಲದ ಮೇಲೆ ಕೂತು ಉಂಡೆವು.

ಫ್ಯಾಮಿಲಿ ಡೇಗೆ ತಮ್ಮ ಸಭಾಂಗಣದಲ್ಲಿ ನಮ್ಮಿಬ್ಬರ ವಾದನ ಗೊತ್ತಾಗಿತ್ತು. ಅಂದು ಆಕೆ ತಮ್ಮನ್ನು ಇಪ್ಪತ್ತಾರು ಡಿಗ್ರಿಗೆ ನಿಲ್ಲಿಸಿ, ಒಂದೂವರೆ ತಾಸು ಒಂದೊಂದೇ ತಂತಿಯ ಶ್ರುತಿ ಕೂಡಿಸಿ, ತಮ್ಮ ಸ್ವಿಚ್ಚಿನ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಹಚ್ಚಿ, ಸೀರೆ ಬದಲಿಸಲು ಹೋದಳು. ಆಮೇಲೆ ತಾವು ಸದ್ದಿಲ್ಲದೆ ಹದಿನೆಂಟಕ್ಕೆ ಇಳಿದಿರಿ. ಚಳಿಗೆ ತಂತಿ ಬಿಗಿದು ಆಕೆಯ ಶ್ರುತಿ ಮೇಲೇರಿತು, ಅದೇ ಚಳಿಗೆ ನನ್ನ ಕೊಳಲಿನ ಶ್ರುತಿ ಕೆಳಗಿಳಿಯಿತು. ಗಂಡಹೆಂಡಿರನ್ನು ಇಷ್ಟು ಕರಾರುವಾಕ್ಕಾಗಿ ಎರಡು ದಿಕ್ಕಿಗೆ ಕಳಿಸುವ ಸಾಮರ್ಥ್ಯ ನಮ್ಮ ಸೋದರತ್ತೆಯವರಿಗೂ ಇಲ್ಲ ಎಂದು ಮುಕ್ತಕಂಠದಿಂದ ಹೊಗಳುತ್ತೇನೆ.

ತಾವು ತಾವಾಗಿಯೇ ಇಳಿದಿರಿ ಎಂದೇ ನಾನು ಹನ್ನೆರಡು ದಿನಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಆದರೆ ಸಭಾಂಗಣ ನೋಡಿಕೊಳ್ಳುವ ಬೂದೆಪ್ಪ ಬದುಕಿರುವವರೆಗೆ ನನ್ನ ಈ ಸುಳ್ಳು ನಡೆಯುವುದಿಲ್ಲ. ಅಂದು ನಾನು ನನ್ನ ಮದುವೆಯ ಸೂಟು ತೊಟ್ಟಿದ್ದೆ. ಹನ್ನೊಂದು ವರ್ಷದಲ್ಲಿ ಅದು ಕುಗ್ಗಿತ್ತೋ ನಾನು ಹಿಗ್ಗಿದ್ದೆನೋ, ಬೆವರು ಕಾಲಿನವರೆಗೆ ಇಳಿಯುತ್ತಿತ್ತು. ಬೂದೆಪ್ಪ ಬೇಡಿಕೊಂಡ, ‘ಬ್ಯಾಡ್ರಿ ಸರ, ಅಕ್ಕಾರು ಚೀಟಿ ಹಚ್ಯಾರ, ಇಲ್ಲೇ ಐತಿ ನೋಡ್ರಿ’ ಎಂದು. ‘ಅಕ್ಕಾರಿಗೆ ನಾ ಹೇಳ್ತೀನಿ, ಹದಿನೆಂಟಕ್ಕ ಹಾಕೋ ಮಾರಾಯ’ ಎಂದವನು ನಾನೇ. ಹೇಳಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆ. ಎರಡನೆಯ ಕೃತಿಯ ನಡುವೆ ಕೊಳಲು ಒಂದು ಕಡೆ, ತಂತಿ ಇನ್ನೊಂದು ಕಡೆ ಹೋಗಿ, ಮುಂದಿನ ಸಾಲಿನ ಕೂಸೊಂದು ಹೋ ಎಂದು ಅಳಲು ಶುರುಮಾಡಿದಾಗ, ನಾನು ಮೈಕು ಹಿಡಿದು, ‘ಕ್ಷಮಿಸಿ, ಹಾರ್ಪ್ಸಿಕಾರ್ಡಿನ ಶ್ರುತಿ ಸರಿಯಾಗಿ ಮಾಡಿಲ್ಲ’ ಎಂದುಬಿಟ್ಟೆ. ಆಕೆ ಎದ್ದು ವಾದ್ಯದ ಮುಚ್ಚಳ ಹಾಕಿದಳು. ಮನೆಗೆ ಬಂದ ಮೇಲೆ ಒಂದೇ ಒಂದು ಸಲ, ‘ಕುಣೀಲಾರದವ ನೆಲ ಡೊಂಕು ಅಂದನಂತ’ ಎಂದು, ವಾದ್ಯಕ್ಕೆ ಬೀಗ ಜಡಿದು ಕೀಲಿಕೈ ಪರ್ಸಿಗೆ ಹಾಕಿಕೊಂಡಳು. ಅಂದಿನಿಂದ ನಾನು ಒಬ್ಬನೇ ಊದುತ್ತಿದ್ದೇನೆ. ಕೆಳಸ್ಥಾಯಿಯಲ್ಲಿ ಆಕೆಯ ಕೈ ಇಲ್ಲದಿದ್ದರೆ ನನ್ನ ಕೊಳಲಿಗೆ ನಿಲ್ಲಲು ನೆಲವೇ ಇಲ್ಲವೆಂದು ಈಗ ತಿಳಿದಿದೆ, ಮಹಾಶಯರೇ.

ತಮ್ಮ ಮೇಲೆ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ದೂರನ್ನೂ ದಾಖಲಿಸಿದ್ದೆ. ದುರಸ್ತಿ ವಿಭಾಗದವರು ‘ಯಂತ್ರದಲ್ಲಿ ದೋಷವಿಲ್ಲ, ಹೇಳಿದ್ದನ್ನೇ ಮಾಡಿದೆ’ ಎಂದು ಬರೆದು ಅದನ್ನು ಮುಚ್ಚಿದರು. ದಿನಕ್ಕೆ ಹತ್ತು ಬಾರಿ ಇದೇ ವಾಕ್ಯವನ್ನು ಬೇರೆಯವರ ಬಾಯಿಂದ ಕೇಳಿ ನಂಬದಿರುವುದೇ ನನ್ನ ಉದ್ಯೋಗ, ಆದರೆ ಈ ಸಲ ನಂಬಬೇಕಾಯಿತು.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಇನ್ನು ಮುಂದೆ ತಾವು ನನ್ನ ಕೊರಳಪಟ್ಟಿಯ ಒಳಗನ್ನು ಮಾತ್ರ ತಂಪು ಮಾಡಿ, ತಂತಿಗಳನ್ನು ಇಪ್ಪತ್ತಾರರಲ್ಲೇ ಬಿಡತಕ್ಕದ್ದು, ಸೂಟು ಹಾಕಿದ ಗಂಡಂದಿರ ಆಜ್ಞೆಯನ್ನು ಧಿಕ್ಕರಿಸತಕ್ಕದ್ದು, ಸಾಧ್ಯವಾದರೆ, ತಪ್ಪು ತಮ್ಮದೇ ಎಂದು ಸಹಿ ಹಾಕಿದ ಒಂದು ಪತ್ರವನ್ನು ನನ್ನ ಮನೆಯ ವಿಳಾಸಕ್ಕೆ ಕಳಿಸತಕ್ಕದ್ದು.

ಇನ್ನೂ ನಡುಗುತ್ತಿರುವ
ತಮ್ಮ ವಿಶ್ವಾಸಿ,
ಪ್ರಾಣೇಶ

ತಾ.ಕ.: ಕಾಗುಣಿತ ನೋಡಿಕೊಡಲೆಂದು ಈ ಪತ್ರವನ್ನು ವೇದವತಿಗೆ ಕೊಟ್ಟೆ. ಓದಿ, ‘ಭಾಳ ಛಂದ ಬರದೀರಿ. ಎಸಿಗೆ ಮಾನ್ಯರ, ಮಹಾಶಯರ! ತಪ್ಪಾತು ಅನ್ನೋ ಒಂದು ಮಾತು ನನಗ ಅಂದೀರೇನು? ಮಂದಿ ಮುಂದ ಅಂದದ್ದು ಮಂದಿ ಮುಂದನ ತಿರುಗಿ ತಗೋರಿ, ಆಮ್ಯಾಲೆ ಬೀಗದ ಮಾತು’ ಎಂದಳು. ನಾಳೆ ಊಟದ ಹೊತ್ತಿಗೆ ಕಚೇರಿಯ ಕ್ಯಾಂಟೀನಿನಲ್ಲಿ, ಎಲ್ಲರೆದುರು, ಶ್ರುತಿ ಸರಿಯಿತ್ತು, ಕೆಡಿಸಿದವನು ನಾನು ಎಂದು ಹೇಳಬೇಕಾಗಿದೆ. ಕೇಳಲು ಆಕೆಯೂ ಬಂದು ಮುಂದೆಯೇ ಕೂಡುತ್ತಾಳಂತೆ. ಕ್ಯಾಂಟೀನಿನಲ್ಲಿ ತಮ್ಮ ಕುಲದವರು ಯಾರೂ ಇಲ್ಲ, ಬರೀ ಫ್ಯಾನುಗಳು, ಅವೂ ಕೆಟ್ಟು ನಿಂತಿವೆ. ಗೂಬೆ ಕೂರಿಸಲು ನನ್ನ ತಲೆಯೊಂದೇ ಉಳಿದಿದೆ.