ಕೆಂಪು ಜೆರ್ಸಿಯ ಹಿಂದೆ ಎರಡು ತಿಂಗಳು

ಮರ್ಯಾದೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮದುವೆ ಊಟದಲ್ಲಿ ಪಕ್ಕದವರ ಎಲೆಗೆ ಹೋಳಿಗೆ ಬೀಳುವವರೆಗೂ ನಾನು ನನ್ನ ಹೋಳಿಗೆ ಮುಟ್ಟುವುದಿಲ್ಲ. ಬಸ್ಸಿನಲ್ಲಿ ನಿಂತವರು ನನಗಿಂತ ಎರಡು ವರ್ಷ ದೊಡ್ಡವರಂತೆ ಕಂಡರೂ ಎದ್ದು ಸೀಟು ಬಿಡುತ್ತೇನೆ. 'ನಾನೇನು ಮುದುಕನಾ?' ಅಂತ ಅವರು ಸಿಡುಕಿದ್ದೂ ಉಂಟು. ಮೂವತ್ತು ವರ್ಷ ಇನ್ಶೂರೆನ್ಸ್ ಆಫೀಸಿನ ಕೌಂಟರಿನಲ್ಲಿ ಕೂತು ಒಬ್ಬರಿಗೂ 'ಆಮೇಲೆ ಬನ್ನಿ' ಅನ್ನದವನು ನಾನು. ಹೀಗಿರುವಾಗ ಸೈಕಲ್ ತುಳಿಯುವುದಕ್ಕೆ ಬೇರೆ ಮರ್ಯಾದೆ ಕಲಿಯಬೇಕು ಅಂತ ಯಾರಿಗೆ ಗೊತ್ತಿತ್ತು?

ಶುಗರ್ ಇದೆ, ವಾಕಿಂಗ್ ಮಾಡಿ ಅಂದರು ಡಾಕ್ಟರು. ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಎರಡು ದಿನ ನಡೆದೆ. ಅಲ್ಲಿ ಗಂಡಸರೆಲ್ಲ ಗುಂಪು ಕಟ್ಟಿಕೊಂಡು ಮಂಡಿನೋವಿನ ಬಗ್ಗೆ ಮಾತಾಡುತ್ತಾ ಸುತ್ತು ಹಾಕುತ್ತಾರೆ. ನನಗೆ ಮಂಡಿನೋವಿಲ್ಲ, ಹಾಗಾಗಿ ಮಾತಿಗೆ ವಿಷಯವೂ ಇರಲಿಲ್ಲ. ಮೂರನೇ ದಿನ ವಿಜಯನಗರದ ಸೈಕಲ್ ಅಂಗಡಿಗೆ ಹೋಗಿ, ಟಗರಿನ ಕೊಂಬಿನಂಥ ಹ್ಯಾಂಡಲ್ ಇರುವ, ಬೆರಳಷ್ಟು ಅಗಲದ ಟೈರಿನ ರೋಡ್ ಸೈಕಲ್ ತಂದೆ. ಅಂಗಡಿಯ ಮಹೇಶ ಅದರ ಜೊತೆಗೆ ಹಿಂಭಾಗದಲ್ಲಿ ದಿಂಬು ಹೊಲಿದ ಬಿಗಿ ಚಡ್ಡಿಯನ್ನೂ ಕೊಟ್ಟ.

ನನ್ನ ಹೆಂಡತಿ ಸರಸು ಆ ಚಡ್ಡಿಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದಳು. ನಗಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಗೇಟ್ ತನಕ ಪಂಚೆ ಸುತ್ಕೊಂಡು ಹೋಗಿ," ಅಂದಳು. "ಎದುರು ಮನೆಯವರು ಬೆಳಗ್ಗೆ ಎದ್ದ ತಕ್ಷಣ ದೇವರ ಮುಖ ನೋಡೋ ಜನ."

ಡಾಕ್ಟರು, ಶುಗರು ಎಲ್ಲ ನೆಪ. ಒಳಗಿನ ವಿಷಯವನ್ನೂ ಹೇಳಿಬಿಡುತ್ತೇನೆ. ನನಗೊಬ್ಬ ಗೆಳೆಯ ಬೇಕಾಗಿತ್ತು. ಕಾಲೇಜಿಗೆ ಹೋಗುವಾಗ ನಂಜುಂಡ ಅಂತ ಒಬ್ಬನಿದ್ದ. ರಾಜಾಜಿನಗರದ ರಸ್ತೆಗಳಲ್ಲಿ ನಾವಿಬ್ಬರೂ ಅಕ್ಕಪಕ್ಕ ಸೈಕಲ್ ಬಿಟ್ಟುಕೊಂಡು ಹೋಗುತ್ತಿದ್ದೆವು, ಅವನ ಕೈ ನನ್ನ ಹೆಗಲ ಮೇಲೆ. ಏರು ಬಂದರೆ ಯಾರು ಯಾರನ್ನು ತಳ್ಳುತ್ತಿದ್ದಾರೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋದವನು ಅಲ್ಲೇ ಉಳಿದ. ಈಗ ದಿನಾ ಬೆಳಗ್ಗೆ ಫೋನಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾನೆ, ಮಾತಿಲ್ಲ. ಐವತ್ತು ದಾಟಿದ ಗಂಡಸಿಗೆ ಹೊಸ ಗೆಳೆಯ ಎಲ್ಲಿ ಸಿಗುತ್ತಾನೆ ಹೇಳಿ. ಹೆಣ್ಣು ಹುಡುಕಿಕೊಡುವವರಿದ್ದಾರೆ, ಮನೆ ಹುಡುಕಿಕೊಡುವವರಿದ್ದಾರೆ, ಇದಕ್ಕೆ ಮಾತ್ರ ದಳ್ಳಾಳಿಗಳಿಲ್ಲ.

ಭಾನುವಾರ ನಾಗರಬಾವಿ ಸರ್ಕಲ್ಲಿನಲ್ಲಿ ಸೈಕಲ್ ಗುಂಪುಗಳು ಸಾಲಾಗಿ ಹೋಗುತ್ತವೆ. ನಾನು ಪಕ್ಕದಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ನಟಿಸುತ್ತಿದ್ದೆ. ಒಬ್ಬರಾದರೂ 'ಬನ್ನಿ ಸಾರ್' ಅಂದಿದ್ದರೆ ಹೋಗಿಬಿಡುತ್ತಿದ್ದೆ. ಯಾರೂ ಅನ್ನಲಿಲ್ಲ. ನಾನಾಗಿ ಕೇಳುವುದು ಮರ್ಯಾದೆಯಲ್ಲ ಅಂತ ಸುಮ್ಮನಿದ್ದೆ. ನಾಲ್ಕು ಭಾನುವಾರ ಆ ಪಟ್ಟಿ ಸರಿಮಾಡಿದೆ.

ಐದನೇ ವಾರ ಒಂದು ಬೆಳಗ್ಗೆ ಕೆಂಪು ಜೆರ್ಸಿ ಹಾಕಿದ ಒಬ್ಬರು ನನ್ನನ್ನು ದಾಟಿ ಹೋದರು. ಒಂಟಿ. ಹೆಲ್ಮೆಟ್ಟಿನ ಕೆಳಗೆ ನನ್ನ ಹಾಗೆಯೇ ನರೆಗೂದಲು. ಒಳ್ಳೆಯ ಮನುಷ್ಯರು ಅಂತ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಮಾತಾಡಿಸಿ ತೊಂದರೆ ಕೊಡುವುದು ಬೇಡ ಅಂತ, ಅವರ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ಒಂದು ಗೇಣು ಅಂತರ ಇಟ್ಟುಕೊಂಡು ಸದ್ದಿಲ್ಲದೆ ಹಿಂದೆ ಸೇರಿಕೊಂಡೆ.

ಆಗ ಒಂದು ಪವಾಡ ನಡೆಯಿತು! ಮಲ್ಲತ್ತಹಳ್ಳಿ ಮುಟ್ಟುವುದರೊಳಗೆ ದಿನಾ ನಾಲಿಗೆ ಹೊರಗೆ ಹಾಕುತ್ತಿದ್ದವನು ಅವತ್ತು ಉಲ್ಲಾಳದವರೆಗೂ ಆರಾಮವಾಗಿ ಹೋದೆ. ಕಾಲು ತಾನಾಗಿಯೇ ತಿರುಗುತ್ತಿತ್ತು. ಸಜ್ಜನರ ಸಂಗ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ ಅಂದುಕೊಂಡೆ. ಮನೆಗೆ ಬಂದು ಸರಸುಗೆ, "ನನಗೊಬ್ಬರು ಜೊತೆಗಾರರು ಸಿಕ್ಕಿದ್ರು ಕಣೇ," ಅಂದೆ.

"ಹೆಸರೇನು?"

ಕೇಳಿಲ್ಲ ಅಂದೆ. ಎಲ್ಲಿರ್ತಾರೆ ಅಂದಳು. ಗೊತ್ತಿಲ್ಲ ಅಂದೆ. ಹಾಗಾದರೆ ಏನು ಮಾತಾಡಿದಿರಿ ಅಂದಳು. ನಿಜವಾದ ಸ್ನೇಹಕ್ಕೆ ಮಾತು ಬೇಕಾಗಿಲ್ಲ ಅಂತ ಗಂಭೀರವಾಗಿ ಹೇಳಿ ಸ್ನಾನಕ್ಕೆ ಹೋದೆ.

ಅಲ್ಲಿಂದ ದಿನಾ ಅವರು ಬರುವ ಹೊತ್ತಿಗೆ ಸರ್ಕಲ್ಲಿನಲ್ಲಿ ಕಾಯುವುದು, ಹಿಂದೆ ಸೇರಿಕೊಳ್ಳುವುದು. ಮೊದಮೊದಲು ರಸ್ತೆಯಲ್ಲಿ ಗುಂಡಿ ಬಂದಾಗ ಅವರು ಬೆರಳು ಕೆಳಗೆ ಮಾಡಿ ತೋರಿಸುತ್ತಿದ್ದರು. ಎಂಥ ಕಾಳಜಿ! ಒಂದು ವಾರದ ಮೇಲೆ ತೋರಿಸುವುದನ್ನು ನಿಲ್ಲಿಸಿದರು. ನಾನು ಪಳಗಿದ್ದೇನೆ ಅಂತ ಅವರಿಗೆ ನಂಬಿಕೆ ಬಂದಿರಬೇಕು ಅಂದುಕೊಂಡು ಹೆಮ್ಮೆಯಿಂದ ಎಲ್ಲ ಗುಂಡಿಗಳಿಗೂ ಇಳಿದೆ. ಆಗಾಗ ಅವರು ಬಲಗೈ ಮೊಣಕೈಯನ್ನು ಹೊರಕ್ಕೆ ಒಮ್ಮೆ ಝಾಡಿಸುತ್ತಿದ್ದರು. ಅದು ಸೈಕಲ್ಲಿನವರ ನಮಸ್ಕಾರ ಅಂತ ಊಹಿಸಿ ನಾನೂ ಹಿಂದಿನಿಂದ ಝಾಡಿಸಿದೆ. ಅವರು ಎರಡು ಸಲ ಝಾಡಿಸಿದರೆ ನಾನು ಮೂರು ಸಲ. ನಮಸ್ಕಾರದಲ್ಲಿ ಜಿಪುಣತನ ನನಗೆ ಆಗುವುದಿಲ್ಲ.

ಆಮೇಲೆ ಅವರು ದಾರಿ ಬದಲಾಯಿಸತೊಡಗಿದರು. ಒಂದು ದಿನ ಯೂನಿವರ್ಸಿಟಿ ಕಡೆ, ಒಂದು ದಿನ ಮಲ್ಲತ್ತಹಳ್ಳಿ ಕೆರೆ ಸುತ್ತ, ಇನ್ನೊಂದು ದಿನ ಕೆಂಗೇರಿಯ ಯಾವುದೋ ಮಣ್ಣು ರಸ್ತೆ. ನನಗಾಗಿ ಊರು ತೋರಿಸುತ್ತಿದ್ದಾರೆ ಅಂತ ಕಣ್ಣು ತುಂಬಿ ಬಂತು. ಕೆಲವು ಸಲ ಇದ್ದಕ್ಕಿದ್ದಂತೆ ಜೋರಾಗಿ ತುಳಿಯುತ್ತಿದ್ದರು. ನನಗೆ ತಾಲೀಮು! ಒಮ್ಮೆ ರಸ್ತೆ ಬದಿಗೆ ನಿಲ್ಲಿಸಿ ನೀರು ಕುಡಿದರು. ಅವರನ್ನು ಬಿಟ್ಟು ಮುಂದೆ ಹೋಗುವಷ್ಟು ಕೃತಘ್ನನಲ್ಲ ನಾನು. ಹತ್ತಡಿ ಹಿಂದೆ ನಿಂತು ನಾನೂ ಕುಡಿದೆ. ಅವರು ಬಗ್ಗಿ ಶೂ ಲೇಸ್ ಬಿಚ್ಚಿ ಕಟ್ಟಿದರು, ಬಿಚ್ಚಿ ಕಟ್ಟಿದರು. ನಾನೂ ಕಟ್ಟಿದೆ. ಕೊನೆಗೆ ಅವರು ಆಕಾಶ ನೋಡಿ ದೊಡ್ಡದಾಗಿ ಉಸಿರು ಬಿಟ್ಟು ಹೊರಟರು. ಪ್ರಾಣಾಯಾಮ ಇರಬೇಕು ಅಂದುಕೊಂಡೆ.

ಹೀಗೆ ಎರಡು ತಿಂಗಳು ಕಳೆಯಿತು. ಆಫೀಸಿನಲ್ಲಿ ಕೂತಿದ್ದಾಗಲೂ ನಾಳೆ ಬೆಳಗ್ಗೆಯ ಯೋಚನೆ. ಯಾರಾದರೂ ಸಂಜೆ ಏನು ಮಾಡ್ತೀರಿ ಅಂದರೆ, 'ಬೇಗ ಮಲಗಬೇಕು, ಬೆಳಗ್ಗೆ ನಮ್ಮ ಫ್ರೆಂಡ್ ಬರ್ತಾರೆ' ಅನ್ನುತ್ತಿದ್ದೆ. ಹಾಗೆ ಹೇಳುವಾಗ ಎದೆಯೊಳಗೆ ಏನೋ ಹಿತವಾಗುತ್ತಿತ್ತು. ಬಹಳ ವರ್ಷದಿಂದ ಆ ಮಾತು ಹೇಳಿರಲಿಲ್ಲ.

ಒಂದು ಶನಿವಾರ ಸರಸು, ನಾಳೆ ಇಡ್ಲಿ ಮಾಡ್ತೀನಿ, ಅವರನ್ನ ಕರ್ಕೊಂಡು ಬನ್ನಿ, ನಾನೂ ನೋಡ್ಬೇಕು ಅಂದಳು. ಭಾನುವಾರ ಬೆಳಗ್ಗೆ ಅವರ ಹಿಂದೆ ಹೋಗುತ್ತಾ, ಹೇಗೆ ಕರೆಯುವುದು ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. 'ತಾವು ದಯಮಾಡಿ' ಅನ್ನುವವರೆಗೆ ಬಂದಿದ್ದೆ. ಉಲ್ಲಾಳದ ಹತ್ತಿರ ಒಂದು ನಾಯಿ ಅಡ್ಡ ಬಂತು. ಅವರು ಬ್ರೇಕ್ ಹಿಡಿದರು. ನಾನು ವಾಕ್ಯ ಹಿಡಿದಿದ್ದೆ.

ನನ್ನ ಮುಂದಿನ ಚಕ್ರ ಅವರ ಹಿಂದಿನ ಚಕ್ರಕ್ಕೆ ತಗುಲಿತು. ಅವರು ಕಾಲು ಊರಿ ನಿಂತರು. ನಾನು ರಸ್ತೆಗೆ ಸಾಷ್ಟಾಂಗ ಹಾಕಿದೆ. ನಾಯಿ ನನ್ನನ್ನು ಮೂಸಿ ನೋಡಿ ಹೋಯಿತು.

ಎರಡು ತಿಂಗಳಲ್ಲಿ ಮೊದಲ ಸಲ ಅವರ ಮುಖ ಸರಿಯಾಗಿ ನೋಡಿದೆ. ಉದ್ದ ಮೂಗು, ನಿದ್ದೆ ಸಾಲದ ಕಣ್ಣು. ಸಿಟ್ಟು ಬಂದಿತ್ತು, ಆದರೆ ದನಿ ಏರಿಸುವ ಜನ ಅಲ್ಲ.

"ಸಾರ್, ಎರಡು ತಿಂಗಳಿಂದ ನನ್ನ ಚಕ್ರಕ್ಕೆ ಅಂಟ್ಕೊಂಡು ಬರ್ತಾ ಇದೀರ. ಬರಬಹುದಾ ಅಂತ ಒಂದು ಸಲ ಕೇಳಿದೀರಾ? ಒಂದು ದಿನ ಮುಂದೆ ಬಂದು ಗಾಳಿ ತಗೊಂಡಿದೀರಾ?"

"ಗಾಳೀನಾ?"

ಅವರು ವಿವರಿಸಿದರು. ಸೈಕಲ್ಲಿನಲ್ಲಿ ಮುಂದೆ ಹೋಗುವವನು ಎದುರುಗಾಳಿಯನ್ನೆಲ್ಲ ಎದೆಗೆ ತೆಗೆದುಕೊಳ್ಳುತ್ತಾನಂತೆ. ಅವನ ಬೆನ್ನಿಗೆ ಮರೆಯಾಗಿ ಬರುವವನಿಗೆ ಅರ್ಧಕ್ಕರ್ಧ ಶ್ರಮ ಉಳಿಯುತ್ತದಂತೆ. ಹಾಗಾಗಿ ಮರ್ಯಾದಸ್ಥರು ಕೇಳಿ ಬರುತ್ತಾರೆ, ಸರದಿ ಪ್ರಕಾರ ಮುಂದೆಯೂ ಹೋಗುತ್ತಾರೆ. ಮೊಣಕೈ ಝಾಡಿಸಿದರೆ 'ಈಗ ನಿಮ್ಮ ಸರದಿ, ಮುಂದೆ ಬನ್ನಿ' ಅಂತ ಅರ್ಥ. ನಾನು ಅವರನ್ನು ಅಣಕಿಸುತ್ತಿದ್ದೇನೆ ಅಂತ ಅವರು ತಿಳಿದಿದ್ದರು. ದಾರಿ ಬದಲಾಯಿಸಿದ್ದು, ಜೋರಾಗಿ ತುಳಿದದ್ದು, ಲೇಸ್ ಕಟ್ಟಿದ್ದು, ಎಲ್ಲವೂ ನನ್ನನ್ನು ಕಳಚಿಕೊಳ್ಳುವುದಕ್ಕೆ! ಸಜ್ಜನರ ಸಂಗ ಅಂತ ನಾನು ಎರಡು ತಿಂಗಳು ಅನುಭವಿಸಿದ್ದು ಬರೀ ಗಾಳಿಯ ಮರೆ.

"ಮನೇಲಿ ಜನ, ಆಫೀಸಲ್ಲಿ ಜನ," ಅಂದರು ಅವರು, ಸ್ವಲ್ಪ ಮೆತ್ತಗೆ. "ನಾನು ಬೆಳಗ್ಗೆ ಸೈಕಲ್ ತಗೊಳ್ಳೋದೇ ಒಂದು ಗಂಟೆ ಒಬ್ಬನೇ ಇರೋಣ ಅಂತ ಸಾರ್."

ಇದಕ್ಕೆ ನಾನು ಕ್ಷಮೆ ಕೇಳಬೇಕಾಗಿತ್ತು. ಆದರೆ ಬಾಯಲ್ಲಿ ಸಿದ್ಧವಾಗಿದ್ದ ವಾಕ್ಯವೇ ಬಂತು. "ತಾವು ದಯಮಾಡಿ ನಮ್ಮ ಮನೆಗೆ ಇಡ್ಲಿಗೆ ಬರಬೇಕು."

ಅವರು ನನ್ನ ಹೆಲ್ಮೆಟ್ಟನ್ನು ಪರೀಕ್ಷೆ ಮಾಡಿ, ತಲೆಗೆ ಪೆಟ್ಟಾಗಿದೆಯಾ ಅಂತ ವಿಚಾರಿಸಿದರು. ಇಲ್ಲ ಅಂದೆ. ಬಿಟ್ಟು ಹೋಗಲಿಲ್ಲ. ನನ್ನ ಸೈಕಲ್ ಎತ್ತಿ ಚೈನ್ ಹಾಕಿಕೊಟ್ಟರು. ತಮ್ಮ ಬಾಟಲಿಯ ನೀರಿನಿಂದ ನನ್ನ ಮಂಡಿ ತೊಳೆದರು. ಆಮೇಲೆ ಬೆವರು ಒರೆಸಿಕೊಂಡು ಹೊರಟುಹೋದರು. ನಾನು ಹಿಂದೆ ಹೋಗಲಿಲ್ಲ. ಎದುರುಗಾಳಿಯಲ್ಲಿ ಒಬ್ಬನೇ ಮನೆಗೆ ಬಂದೆ, ಬಹಳ ದೂರ ಅನ್ನಿಸಿತು.

ಬಾಗಿದ ಚಕ್ರ ಸರಿಮಾಡಿಸಲು ಮಹೇಶನ ಅಂಗಡಿಗೆ ಹೋದೆ. ಸೈಕಲ್ಲಿನವರ ನಿಯಮಗಳೇನು ಅಂತ ನಾಚಿಕೆ ಬಿಟ್ಟು ಕೇಳಿದೆ. ಅವನು ಚಕ್ರ ತಿರುಗಿಸುತ್ತಲೇ ಹೇಳುತ್ತಾ ಹೋದ. ಸದ್ದಿಲ್ಲದೆ ಪಕ್ಕದಿಂದ ದಾಟಬಾರದು, ಬೆಲ್ಲಾದರೂ ಹೊಡೀಬೇಕು, ಬಾಯಾದರೂ ಬಿಡಬೇಕು. ಗಾಳಿಯ ದಿಕ್ಕು ನೋಡದೆ ಉಗುಳಬಾರದು. ಜೊತೆಯಲ್ಲಿ ಹೋಗುವಾಗ ಅರ್ಧ ಚಕ್ರ ಮುಂದೆ ಇಟ್ಟು ಗತ್ತು ತೋರಿಸಬಾರದು. ಪಂಕ್ಚರ್ ಆಗಿ ನಿಂತವರನ್ನ 'ಏನಾದ್ರೂ ಬೇಕಾ' ಅಂತ ಕೇಳದೆ ದಾಟಿದರೆ ಪಾಪ. ಮುಂದೆ ಹೋಗುವವನು ಗುಂಡಿ ತೋರಿಸಬೇಕು, ಹಿಂದೆ ತಿರುಗಿ ಮಾತ್ರ ನೋಡಬಾರದು, ಸೈಕಲ್ ಅಲ್ಲಾಡಿ ಹಿಂದಿನವರು ಬೀಳ್ತಾರೆ.

"ನಿಮ್ಮ ನಾಗರಬಾವಿ ಕಡೆ ಒಬ್ರು ಜಿಗಣೆ ಅಂಕಲ್ ಇದಾರಂತಲ್ಲ ಸಾರ್," ಅಂದ ಕೊನೆಗೆ. "ಎಲ್ಲ ಗುಂಪಿನವರೂ ಹೇಳ್ತಾರೆ. ನೀವೇನಾದ್ರೂ ನೋಡಿದೀರಾ?"

ಇಲ್ಲ ಅಂದೆ. ಕಂಡರೆ ಹೇಳುತ್ತೇನೆ ಅಂತಲೂ ಸೇರಿಸಿದೆ.

ಸರಸುಗೆ ಎಲ್ಲ ಹೇಳಿದೆ. ಅವಳು ನಗುವುದನ್ನು ತಡೆದುಕೊಂಡು, ಒಂದು 'ಸಾರಿ' ಹೇಳಿ ಬಂದುಬಿಡಿ, ಅವರ ಪಾಡಿಗೆ ಅವರನ್ನ ಬಿಟ್ಟುಬಿಡಿ ಅಂದಳು. ಸರಿಯಾದ ಮಾತು. ಆದರೆ ಅಷ್ಟಕ್ಕೆ ನಿಂತರೆ ನಾನು ನಾನಾಗುವುದು ಹೇಗೆ? ಎರಡು ತಿಂಗಳು ಅವರು ನನಗಾಗಿ ಗಾಳಿ ತಿಂದಿದ್ದಾರೆ, ಒಂದು ದಿನವಾದರೂ ಅವರಿಗಾಗಿ ನಾನು ತಿನ್ನಬೇಕು ಅಂತ ತೀರ್ಮಾನಿಸಿದೆ.

ಮುಂದಿನ ಭಾನುವಾರ ಸರ್ಕಲ್ಲಿಗೆ ಅವರು ಬಂದರು. ನನ್ನನ್ನು ಕಂಡು ಅವರ ಹೆಗಲು ಸ್ವಲ್ಪ ಇಳಿಯಿತು. ನಾನು ನಿಯಮದ ಪ್ರಕಾರ ಬೆಲ್ ಹೊಡೆದು, ಪಕ್ಕಕ್ಕೆ ಹೋಗಿ, ಸಾರಿ ಸಾರ್ ಅಂದೆ. "ಇವತ್ತು ನಾನು ಮುಂದೆ ಬರಬಹುದಾ?"

"ಬನ್ನಿ," ಅಂದರು ಅವರು.

ಜೀವನದಲ್ಲಿ ಆ 'ಬನ್ನಿ'ಯಷ್ಟು ಸಂತೋಷ ನನಗೆ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ. ಮುಂದೆ ಹೋದೆ. ಎದೆ ಅಗಲ ಮಾಡಿ ಗಾಳಿ ಹಿಡಿದೆ. ಪ್ರತಿಯೊಂದು ಗುಂಡಿಯನ್ನೂ ತೋರಿಸಿದೆ, ಹಂಪು ತೋರಿಸಿದೆ, ಮಲಗಿದ್ದ ಹಸು ತೋರಿಸಿದೆ, ಒಂದು ಕಡೆ ಸಗಣಿಯನ್ನೂ ಬಿಡಲಿಲ್ಲ. ಮುಖ ಕಾಣದ ಕಾರಣಕ್ಕೋ ಏನೋ, ಸಂಕೋಚ ಬಿಟ್ಟು ಬಾಯಿಯೂ ತೆರೆಯಿತು. ಶುಗರ್ ವಿಷಯ ಹೇಳಿದೆ. ಸರಸು ಒಳ್ಳೆಯವಳು, ಆದರೆ ಹೆಂಡತಿಗೆ ಹೇಳಲಾಗದ ಕೆಲವು ಬೆಪ್ಪು ಮಾತುಗಳಿರುತ್ತವಲ್ಲ ಸಾರ್ ಅಂದೆ. ನಂಜುಂಡನ ವಿಷಯ ಹೇಳಿದೆ. ಅವನು ಹುಬ್ಬಳ್ಳಿಗೆ ಹೋಗುವ ದಿನ ಆಫೀಸಿನಲ್ಲಿ ರಜೆ ಕೊಡಲಿಲ್ಲ ಅಂತ ಸುಳ್ಳು ಹೇಳಿ ಸ್ಟೇಷನ್ನಿಗೆ ಹೋಗದೆ ಉಳಿದದ್ದು, ರಜೆ ನಾನು ಕೇಳಿಯೇ ಇರಲಿಲ್ಲ ಅನ್ನುವುದು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಉಲ್ಲಾಳದ ರಸ್ತೆಯಲ್ಲಿ ಗಾಳಿಗೆ ಎದುರಾಗಿ ಗಟ್ಟಿಯಾಗಿ ಹೇಳಿದೆ. ಒಬ್ಬನೇ ಇರಬೇಕು ಅಂತ ನಿಮಗೆ ಅನ್ನಿಸುತ್ತಲ್ಲ ಸಾರ್, ನನಗೆ ಅದು ಬೇಕಾದಷ್ಟಿದೆ, ಸ್ವಲ್ಪ ನಿಮಗೆ ಕೊಡುವ ಹಾಗಿದ್ದಿದ್ದರೆ ಅಂದೆ. ಹಿಂದಿನಿಂದ ಉತ್ತರ ಬರಲಿಲ್ಲ. ಗಮನವಿಟ್ಟು ಕೇಳುತ್ತಿದ್ದಾರೆ ಅಂದುಕೊಂಡೆ. ತಿರುಗಿ ನೋಡಲಿಲ್ಲ, ನಿಯಮ.

ಕೆಂಗೇರಿ ಹತ್ತಿರ ಬರುವಷ್ಟರಲ್ಲಿ ಉಸಿರು ಮುಗಿಯಿತು. ಸೈಕಲ್ ನಿಲ್ಲಿಸಿ, ಕಾಲು ಊರಿ, ಆಗ ತಿರುಗಿದೆ. ರಸ್ತೆ ನೆಟ್ಟಗೆ ಬಹಳ ದೂರ ಕಾಣುತ್ತಿತ್ತು. ಒಬ್ಬ ಹೆಂಗಸು ಬಾಗಿಲ ಮುಂದೆ ನೀರು ಹಾಕುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಸರಸು, "ಅವರು ಬಂದ್ರಾ?" ಅಂದಳು.

"ಸ್ವಲ್ಪ ದೂರ ಬಂದ್ರು," ಅಂದೆ.

ಎಲ್ಲಿಯತನಕ ಅಂದಳು. ಅದೇ ನನಗೂ ಗೊತ್ತಾಗಬೇಕಾಗಿದೆ. ಎಷ್ಟೋ ಅಡ್ಡರಸ್ತೆಗಳಿವೆ, ಎಲ್ಲಿ ಬೇಕಾದರೂ ತಿರುಗಿರಬಹುದು. ಶುಗರ್ ಹತ್ತಿರವೇ ತಿರುಗಿದರೋ, ನಂಜುಂಡನವರೆಗೆ ಬಂದರೋ. ಅವರ ಬೆನ್ನನ್ನು ನಾನು ಎರಡು ತಿಂಗಳು ನೋಡಿದೆ. ನನ್ನ ಬೆನ್ನನ್ನು ಅವರು ಎರಡು ನಿಮಿಷವಾದರೂ ನೋಡಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.