ಬಿಸಿಲು ಬೀಳದ ಜಾಗದ ಬಣ್ಣ

ಹಳೇ ಕಾರು ಇರುವ ಮನೆಯಲ್ಲಿ ನಗೆಪಾಟಲಾಗುವುದಕ್ಕೆ ಮುಹೂರ್ತ ನೋಡಬೇಕಾಗಿಲ್ಲ, ವಾರಕ್ಕೊಂದು ಸಲ ತಾನಾಗಿಯೇ ಆಗುತ್ತಿರುತ್ತದೆ. ನಾನು ಡ್ರಾಯಿಂಗ್ ಮೇಷ್ಟ್ರು. ಮನೆ ಹೊಸಪೇಟೆಯಲ್ಲಿ, ಹೈಸ್ಕೂಲು ಸಂಡೂರಿನ ದಾರಿಯಲ್ಲಿ. ಕಬ್ಬಿಣದ ಅದಿರಿನ ದುಡ್ಡು ಊರೆಲ್ಲ ಹರಿದಾಡುತ್ತಿದ್ದ ಕಾಲ ಅದು. ನಿನ್ನೆ ಸೈಕಲ್ ತುಳಿದವರು ಇವತ್ತು ಆಳೆತ್ತರದ ಹೊಸ ಗಾಡಿಯಿಂದ ಇಳಿಯುತ್ತಿದ್ದರು. ನಮ್ಮ ಓಣಿಯಲ್ಲಿ ಹಳೆಯದೆಂದು ಉಳಿದಿದ್ದು ಎರಡೇ, ಮೂಲೆಯ ಬೇವಿನ ಮರ ಮತ್ತು ನನ್ನ ಕಾರು.

ನನ್ನದೆನ್ನುವುದೂ ಪೂರ್ತಿ ನಿಜವಲ್ಲ. ಅದು ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟಿರುವ ನನ್ನ ಮಾವನವರದು. ಗುಂಡಗೆ, ಬೆಳ್ಳಗೆ, ಒಂದು ಕಾಲಕ್ಕೆ ದೊಡ್ಡ ಸಾಹೇಬರೆಲ್ಲ ಓಡಾಡುತ್ತಿದ್ದಂಥ ಕಾರು. ಐದು ವರ್ಷದ ಹಿಂದೆ ಕೀಲಿಯನ್ನು ನನ್ನ ಕೈಯಲ್ಲಿಡುವಾಗ "ಹೆಂಗ ಕೊಟ್ಟೀನಿ ಹಂಗ ಇಟ್ಟುಕೋರಿ ಅಳಿಯಂದಿರ" ಎಂದಿದ್ದರು. ಆಗ ಸೀಟಿಗೆ, ಬಾಗಿಲಿನ ಒಳಮೈಗೆ, ಎಲ್ಲದಕ್ಕೂ ಬಟ್ಟೆಯ ಕವರಿತ್ತು. ಕವರುಗಳು ಹರಿದವು, ಕಿತ್ತು ಬಿಸಾಕಿದೆ, ಅಡಿಯ ಬಣ್ಣ ಯಾವುದೆಂದು ಆಗ ಗಮನಿಸಲಿಲ್ಲ. ನಮ್ಮ ಮನೆ ಮುಂದೆ ನೆರಳಿಲ್ಲ. ಹೊಸಪೇಟೆಯ ಬಿಸಿಲಿಗೆ ಕಪ್ಪು ಡ್ಯಾಶ್‌ಬೋರ್ಡು ಬೆಳ್ಳಗಾಗುತ್ತ ಬಂತು. ಸೀಟುಗಳೂ ಬಾಗಿಲುಗಳೂ ಇಂಥ ಬಣ್ಣವೆಂದು ಹೇಳಲಾಗದ ಹಾಗೆ ಬಿಳಿಚಿಕೊಂಡವು.

ಯಾರೋ ಪುಣ್ಯಾತ್ಮರು ಈ ಸುದ್ದಿಯನ್ನು ಕಂಪ್ಲಿಗೆ ಮುಟ್ಟಿಸಿದರು. ಮಾವನವರು ಫೋನ್ ಮಾಡಿದರು.

"ಯುಗಾದಿ ಮುಗಿದ ಮ್ಯಾಲೆ ಬಂದು ನೋಡ್ತೀನಿ. ಚಂದ ಇದ್ರ ಅಲ್ಲೇ ಇರ್ಲಿ. ಇಲ್ಲಂದ್ರ ಸಂಡೂರಿನ ಅಳಿಯ ಒಯ್ತಾನ."

ಸಂಡೂರಿನ ಅಳಿಯ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ, ನನ್ನ ಷಡ್ಡಕ. ನಾಲ್ಕು ಅದಿರು ಲಾರಿ, ಒಂದು ಹೊಸ ದೊಡ್ಡ ಗಾಡಿ, ಅದಕ್ಕೊಬ್ಬ ಡ್ರೈವರ್. ಆ ಡ್ರೈವರ್ ಬಂದು ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ನನ್ನ ಕಾರನ್ನು ಓಡಿಸಿಕೊಂಡು ಹೋಗುವುದನ್ನು ನೆನೆಸಿಕೊಂಡು ರಾತ್ರಿ ಎದ್ದು ಹೋಗಿ ಕಾರು ಅಲ್ಲೇ ಇದೆಯೇ ಎಂದು ನೋಡಿ ಬರುತ್ತಿದ್ದೆ. ಮಾನದ ಮಾತು ಹಾಗಿರಲಿ, ಆ ಕಾರೆಂದರೆ ನನಗೆ ಪ್ರೀತಿ. ಎರಡು ತಿಂಗಳಿತ್ತು. ಒಳಗಿನ ಬಣ್ಣವನ್ನು ಮೊದಲಿನ ಹಾಗೆ ತರುತ್ತೇನೆಂದು ಟೊಂಕ ಕಟ್ಟಿದೆ.

ಒಂದು ಶೀಶೆ ಕೊಬ್ಬರಿ ಎಣ್ಣೆ

ಮೊದಲ ಸಲಹೆ ಕೊಟ್ಟವನು ಕಡ್ಡಿರಾಂಪುರದ ಒಬ್ಬ ಆಟೋ ಡ್ರೈವರ್. ಮನೆಗೆ ಬಂದ ನೆಂಟರಿಗೆ ಹಂಪಿ ತೋರಿಸಿಕೊಂಡು ಬರುವಾಗ ಚಹಾದಂಗಡಿಯ ಮುಂದೆ ನಿಲ್ಲಿಸಿದ್ದೆ. ಅವನು ಕಿಟಕಿಯೊಳಗೆ ತಲೆ ತೂರಿಸಿ ನೋಡಿ ಲೊಚಗುಟ್ಟಿದ.

"ಸರ, ಇದಕ್ಕ ಕೊಬ್ರಿ ಎಣ್ಣಿ ಹಚ್ರಿ. ಮಸ್ತ್ ಹೊಳಿತೈತಿ. ನಂದು ನೋಡ್ರಿ ಬೇಕಾದ್ರ."

ಅವನ ಆಟೋದ ಒಳಗು ನಿಜಕ್ಕೂ ಹೊಳೆಯುತ್ತಿತ್ತು. ಅವನು ಓಡಾಡುವುದು ಬಾಳೆತೋಟದ ದಾರಿಯಲ್ಲಿ, ನಾನು ಓಡಾಡುವುದು ಅದಿರು ಲಾರಿಗಳ ದಾರಿಯಲ್ಲಿ ಎಂಬುದು ನನಗೆ ಹೊಳೆಯಲಿಲ್ಲ.

ಭಾನುವಾರ ಕೂತು ಡ್ಯಾಶ್‌ಬೋರ್ಡು, ಬಾಗಿಲು, ಸೀಟು ಯಾವುದನ್ನೂ ಬಿಡದೆ ಎಣ್ಣೆ ತಿಕ್ಕಿದೆ. ಎಣ್ಣೆ ಕುಡಿದು ಎಲ್ಲವೂ ಕಳೆ ಕಳೆಯಾಗಿ ಕಂಡವು. ಸೋಮವಾರ ಸ್ಕೂಲಿಗೆ ಹೊರಟೆ. ಏಸಿ ಇಲ್ಲದ ಕಾರು, ಗ್ಲಾಸು ಇಳಿಸಲೇಬೇಕು. ಮುಂದೆ ಲಾರಿಗಳ ಸಾಲು. ಅವುಗಳ ಕೆಂಪು ಧೂಳು ಒಳಗೆ ಬಂತು, ಬಂದದ್ದು ಹೊರಗೆ ಹೋಗಲಿಲ್ಲ. ಎಣ್ಣೆಗೆ ಅಂಟಿಕೊಂಡು ಕೂತುಬಿಟ್ಟಿತು. ಸ್ಕೂಲು ಮುಟ್ಟುವ ಹೊತ್ತಿಗೆ ಒಳಗೆಲ್ಲ ಕೆಂಪೋ ಕೆಂಪು. ಗಣಿತದ ಮೇಷ್ಟ್ರು ಮೆಚ್ಚಿಕೊಂಡು ಕೇಳಿದರು.

"ಒಳಗ ಹೊಸಾ ಪೇಂಟ್ ಹೊಡಿಸೀರೇನ್ರಿ ಸರ? ಕಲರ್ ಭಾಳ ಚಂದ ಐತಿ."

ಸಂಜೆ ಮನೆಗೆ ಬಂದು ಸೋಪಿನ ನೀರಿನಲ್ಲಿ ಎಲ್ಲ ಒರೆಸಿದೆ. ಎಣ್ಣೆ ಸೀಟಿನ ಸಂದಿಗೊಂದಿಯಲ್ಲೆಲ್ಲ ಇಳಿದಿತ್ತು. ಕೆಳಗಿನದನ್ನು ಯಾರು ನೋಡುತ್ತಾರೆ ಎಂದು ಅಷ್ಟಕ್ಕೆ ಬಿಟ್ಟೆ. ಒಳಗೆ ಬಂದರೆ ಹೆಂಡತಿ ಖಾಲಿ ಶೀಶೆ ಹಿಡಿದು ನಿಂತಿದ್ದಳು. ನನ್ನ ಬೋಳು ತಲೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ನಾ ಹಚ್ಕೊಂಡಿಲ್ಲ. ನಿಮಗ ಹಚ್ಕೊಳ್ಳಾಕ ಏನೂ ಇಲ್ಲ. ಹಂಗಾದ್ರ ಎಣ್ಣಿ ಎಲ್ಲಿ ಹೋತ್ರಿ?"

ಹೆಡ್‌ಮಾಸ್ಟರ ಮೊಣಕೈ

ಎಣ್ಣೆಯ ಸಹವಾಸ ಸಾಕೆಂದು ಬೂಟ್ ಪಾಲಿಶ್ ತಂದೆ. ಬಾಗಿಲಿನಲ್ಲಿ ಕೈಯೂರುವ ಪಟ್ಟಿ ಡ್ಯಾಶ್‌ಬೋರ್ಡಿನ ಹಾಗೆಯೇ ಕಪ್ಪಗಿದ್ದದ್ದು, ಈಗ ಬೂದಾಗಿತ್ತು. ಪಾಲಿಶ್ ಹಚ್ಚಿ ಬ್ರಷ್ಷಿನಿಂದ ಉಜ್ಜಿದರೆ ಶೋರೂಮಿನಿಂದ ಈಗ ತಾನೇ ಬಂದ ಹಾಗೆ ಕಂಡಿತು. ನಾಲ್ಕೂ ಬಾಗಿಲಿಗೆ ಹಚ್ಚಿದೆ.

ಮರುದಿನ ಹೆಡ್‌ಮಾಸ್ಟರಿಗೆ ಸಂಡೂರಿನಲ್ಲಿ ಮೀಟಿಂಗ್ ಇತ್ತು. ಅವರು ಬಿಳಿ ಅಂಗಿ, ಬಿಳಿ ಪ್ಯಾಂಟು ಬಿಟ್ಟು ಬೇರೆ ಹಾಕಿದ್ದನ್ನು ನಾನು ನೋಡಿಲ್ಲ. ನಾನೇ ಕರೆದು ಕೂರಿಸಿಕೊಂಡೆ. ಬಿಸಿಲಿಗೆ ಪಾಲಿಶ್ ಕರಗುತ್ತದೆಂದು ನನಗೆ ಗೊತ್ತಿರಬೇಕಿತ್ತು. ದಾರಿಯುದ್ದಕ್ಕೂ ಅವರು ಆ ಪಟ್ಟಿಯ ಮೇಲೆ ಮೊಣಕೈ ಊರಿ, ಆ ಕೈಯಿಂದಲೇ ಆಗಾಗ ಬೆವರು ಒರೆಸಿಕೊಂಡರು. ನನ್ನ ಕಣ್ಣು ರಸ್ತೆಯ ಮೇಲಿತ್ತು.

ಮೀಟಿಂಗಿನಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಅವರ ಕಪ್ಪು ಮೊಣಕೈ, ಕಪ್ಪು ಕೆನ್ನೆ ನೋಡಿದರು. ಸಂಡೂರಿನಲ್ಲಿ ಕೆಂಪು ಅದಿರಿನ ಜೊತೆಗೆ ಕಪ್ಪು ಮ್ಯಾಂಗನೀಸ್ ಗಣಿಗಳೂ ಇವೆ. ಸಾಹೇಬರು ಎಲ್ಲರ ಮುಂದೆಯೇ ಕೇಳಿದರಂತೆ.

"ಏನ್ರಿ ಹೆಡ್‌ಮಾಸ್ಟರ, ನೀವೂ ಮ್ಯಾಂಗನೀಸಿಗೆ ಕೈ ಹಾಕಿಬಿಟ್ರೇನು?"

ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಕಂಪೌಂಡರ್‌ವರೆಗೆ ಎಲ್ಲರೂ ಗಣಿಯಲ್ಲಿ ಪಾಲು ಹುಡುಕುತ್ತಿದ್ದ ದಿನಗಳು. ಮಾತು ತಮಾಷೆಯದೆಂದು ಯಾರಿಗೂ ಅನ್ನಿಸಲಿಲ್ಲ. ವಾಪಸ್ ಬರುವಾಗ ಹೆಡ್‌ಮಾಸ್ಟರು ನನ್ನ ಕಾರು ಬಿಟ್ಟು ಬಸ್ಸು ಹತ್ತಿ ಹೊರಟುಹೋದರು. ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿಯುವುದನ್ನೇ ಕಾದು ನಿಂತಿದ್ದ ಇಬ್ಬರು ಅವರ ಕೋಣೆಗೆ ಬಂದು, ತಮ್ಮ ಲಾರಿಗೆ ಅವರ ಗಣಿಯಲ್ಲಿ ಲೋಡು ಸಿಗುತ್ತದೆಯೇ ಎಂದು ಕೇಳಿದರು.

ಬಸವಣ್ಣ ಎದ್ದ ಮೇಲೆ

ಡ್ಯಾಶ್‌ಬೋರ್ಡಿನ ನಡುವೆ ಮಾವನವರು ಅಂಟಿಸಿದ್ದ ಒಂದು ಪುಟ್ಟ ಹಿತ್ತಾಳೆ ಬಸವಣ್ಣ ಇತ್ತು. ಉಜ್ಜಲು ಅಡ್ಡವಾಗುತ್ತದೆಂದು ಮೆಲ್ಲಗೆ ಎಬ್ಬಿಸಿದೆ. ಸುತ್ತಲೆಲ್ಲ ಬಿಸಿಲಿಗೆ ಬೆಳ್ಳಗಾಗಿದ್ದರೂ ಬಸವಣ್ಣ ಕೂತಿದ್ದ ಜಾಗ ಮಾತ್ರ ಹೊಸದರ ಹಾಗೆ ಕರ್ರಗಿತ್ತು. ಕೆಳಗೆ ಅಗಲ, ಮೇಲೆ ಉರುಟು. ನೋಡಿದರೆ ಥೇಟ್ ಲಿಂಗ.

ನನ್ನ ಹೆಂಡತಿ ಒಳಗೆ ಹೋಗಿ ವಿಭೂತಿ ತಂದು ಹಚ್ಚಿದಳು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

"ಇಷ್ಟು ವರ್ಷ ಬಸವಣ್ಣನ್ನ ಲಿಂಗದ ಮ್ಯಾಲೆ ಕುಂಡ್ರಿಸಿದ್ರೇನೋ ಮಾಸ್ತರ? ಎದುರಿಗಿ ಕುಂಡ್ರಿಸಬೇಕಪ್ಪ."

ಬಸವಣ್ಣ ಎದುರಿಗೆ ಬಂದ, ಲಿಂಗದ ಕಡೆ ಮುಖ ಮಾಡಿ ಕೂತ. ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಅಜ್ಜಿ ಚಪ್ಪಲಿ ಬಿಟ್ಟು ಬಂದು ಕಾರಿಗೆ ಹೂವಿಟ್ಟು ಐದು ಸುತ್ತು ಹಾಕತೊಡಗಿದರು. ಅವರಿಗೆ ಮಂಡಿ ನೋವು, ಒಂದೊಂದು ಸುತ್ತಿಗೂ ಬಾನೆಟ್ ಹಿಡಿದು ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದು ಕಾಯುತ್ತಿದ್ದೆ. ಮೂರನೇ ಸೋಮವಾರ ಹೆಡ್‌ಮಾಸ್ಟರು ತಡವಾದದ್ದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲು ಹೇಳಿದರು. ಸುಳ್ಳು ಬರೆಯುವುದು ಬೇಡವೆಂದು "ನನ್ನ ಕಾರಿಗೆ ಪ್ರದಕ್ಷಿಣೆ ನಡೆದಿತ್ತು" ಎಂದು ಬರೆದು ಸಹಿ ಹಾಕಿಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಮೊಣಕೈಯನ್ನೊಮ್ಮೆ ಸವರಿಕೊಂಡು, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅಸಲು ಬಣ್ಣ

ಆದರೆ ಬಸವಣ್ಣನಿಂದ ನನಗೊಂದು ಜ್ಞಾನೋದಯವಾಯಿತು. ಬಿಸಿಲು ಬೀಳದ ಜಾಗದಲ್ಲಿ ಅಸಲು ಬಣ್ಣ ಉಳಿದಿರುತ್ತದೆ. ಸೀಟಿನದೂ ಬಾಗಿಲಿನದೂ ಮೊದಲಿನ ಬಣ್ಣ ಯಾವುದೆಂದು ತಿಳಿಯಲು ಬಿಸಿಲು ಕಾಣದ ಜಾಗ ನೋಡಿದರಾಯಿತು.

ಹಿಂದಿನ ಸೀಟನ್ನು ಎತ್ತಿ ಮಡಿಕೆಯ ಕೆಳಗಿನ ರೆಕ್ಸಿನ್ ನೋಡಿದೆ. ಇಟ್ಟಿಗೆಗಿಂತ ಒಂದಿಷ್ಟು ಗಾಢವಾದ, ನುಣುಪಾದ ಕೆಂಗಂದು ಬಣ್ಣ. ಎಷ್ಟು ಸೊಗಸಾಗಿತ್ತೆಂದರೆ ಮೇಲೆ ಉಳಿದಿದ್ದ ಬಿಳಿಚು ಬಣ್ಣ ಕಂಡು ಬೇಜಾರಾಯಿತು.

"ಸೀಟು ಬೂದಿ ಬಣ್ಣ ಇತ್ರಿ," ಎಂದಳು ಹೆಂಡತಿ. "ನಾ ಸಣ್ಣಾಕಿದ್ದಾಗಿಂದ ಇದ್ರಾಗ ಕುಂತೀನಿ."

"ಮ್ಯಾಲೆ ಕವರಿತ್ತಲ್ಲ, ನೀ ಎಲ್ಲಿ ನೋಡಿದಿ? ಇಪ್ಪತ್ತು ವರ್ಷದಿಂದ ಬಣ್ಣ ಕಲಿಸ್ತೀನಿ ನಾನು. ಇಷ್ಟು ಗೊತ್ತಾಗಂಗಿಲ್ಲೇನು?"

"ಹೂಂ ಬಿಡ್ರಿ," ಎಂದಳು. ಅವಳು ಹೂಂ ಎಂದಾಗ ನಾನು ಎಚ್ಚರವಾಗಬೇಕು, ಆಗುವುದಿಲ್ಲ.

ಹುಬ್ಬಳ್ಳಿಯಿಂದ ರೆಕ್ಸಿನ್‌ಗೆ ಹಚ್ಚುವ ಬಣ್ಣ ತರಿಸಿದೆ. ಕೆಂಪು, ಕಂದು, ಚೂರು ಕಪ್ಪು. ಅಡಿಗೆಮನೆಯ ಬಟ್ಟಲುಗಳಲ್ಲಿ ಮೂರು ದಿನ ಕಲಸಿದೆ. ಒಣಗಿಸಿ, ಸೀಟಿನ ಕೆಳಗಿನ ಬಣ್ಣದ ಪಕ್ಕದಲ್ಲಿ ಹಿಡಿದು, ಮತ್ತೆ ಕಲಸಿದೆ. ಕೊನೆಗೆ ಕೂದಲೆಳೆಯ ವ್ಯತ್ಯಾಸವಿಲ್ಲದ ಹಾಗೆ ಹೊಂದಿತು. ನಾಲ್ಕು ಬಾಗಿಲು, ಎರಡು ಸೀಟು, ಒಂದು ಗೆರೆ ಅತ್ತಿತ್ತ ಹೋಗದಂತೆ ಹಚ್ಚಿ ಮುಗಿಸಿದೆ. ಅಷ್ಟು ನಿಗಾ ಇಟ್ಟು ನಾನು ಚಿತ್ರ ಕೂಡ ಬರೆದಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ.

"ಹಳೇದು ಯಾವುದು, ನಾ ಹಚ್ಚಿದ್ದು ಯಾವುದು, ಹೇಳು ನೋಡೋಣ."

ಬಗ್ಗಿ ನೋಡಿದಳು. ಬೆರಳಿನಿಂದ ಸೀಟಿನ ಕೆಳಗೆ ಒಮ್ಮೆ ಕೆರೆದಳು, ಉಗುರು ನೋಡಿಕೊಂಡಳು.

"ಏನೂ ಫರಕಿಲ್ರಿ," ಎಂದು ಒಳಗೆ ಹೋದಳು. ಹೊಗಳಿದಳೆಂದು ತಿಳಿದು ನಾನು ಎರಡು ದಿನ ಖುಷಿಯಲ್ಲಿದ್ದೆ.

ಮಾವನವರು ಬಂದರು

ಯುಗಾದಿ ಮುಗಿದ ಮೊದಲ ಸೋಮವಾರ ರಜೆ ಹಾಕಿ ಕಾದೆ. ಮಾವನವರು ಷಡ್ಡಕನ ದೊಡ್ಡ ಗಾಡಿಯಲ್ಲೇ ಬಂದಿಳಿದರು. ಜೊತೆಗೆ ಷಡ್ಡಕ, ಅವನ ಡ್ರೈವರ್. ಡ್ರೈವರನ್ನು ನೋಡಿದ್ದೇ ಜೇಬಿನ ಕೀಲಿಯನ್ನು ಮುಟ್ಟಿ ನೋಡಿಕೊಂಡೆ. ಕಾರು ಒಯ್ಯುವ ತಯಾರಿಯಲ್ಲೇ ಬಂದಿದ್ದರು.

ಮಾವನವರು ನೀರೂ ಕುಡಿಯದೆ ನೇರವಾಗಿ ಕಾರಿನ ಹತ್ತಿರ ಹೋದರು. ಅಜ್ಜಿಯ ಪ್ರದಕ್ಷಿಣೆ ನಡೆದಿತ್ತು. ದಣಿವಾರಿಸಿಕೊಳ್ಳುತ್ತ ಅಜ್ಜಿಯೇ ಲಿಂಗದ ಕಥೆ ಹೇಳಿದರು. ಮಾವನವರು ಕೈ ಮುಗಿದು, "ಇದೊಂದು ಭಾಳ ಚಂದ ಆಗೇತಿ" ಎಂದರು. ಇಡೀ ಕಾರಿನಲ್ಲಿ ನಾನು ಕೈ ಹಚ್ಚದೆ ಬಿಟ್ಟಿದ್ದ ಜಾಗ ಅದೊಂದೇ.

ಆಮೇಲೆ ಬಾಗಿಲು ತೆಗೆದರು. ಸೀಟು ನೋಡಿದರು. ಬಾಗಿಲು ಹಾಕಿ ಹಿಂದೆ ಹೋಗಿ ನಂಬರ್ ಪ್ಲೇಟ್ ನೋಡಿ ಬಂದರು.

"ಅಳಿಯಂದಿರ, ಇದು ನನ್ನ ಕಾರೇನು?"

"ನಿಮ್ಮದ ರೀ ಮಾವಾರ. ಅಸಲು ಬಣ್ಣ ಇದ. ಬಿಸಿಲು ಬೀಳದ ಜಾಗ ತೋರಿಸ್ತೀನಿ, ಬರ್ರಿ," ಎಂದು ಅಭಿಮಾನದಿಂದ ಹಿಂದಿನ ಸೀಟು ಎತ್ತಿದೆ.

ಮಾವನವರು ಬಗ್ಗಿ ನೋಡಿದರು. ಮಗಳ ಕಡೆ ತಿರುಗಿ, "ಒಂದಿಷ್ಟು ಸೋಪಿನ ನೀರು ತಾರವ್ವ" ಎಂದರು. ತರಲು ಹೋಗುವ ಪ್ರಮೇಯವೇ ಬರಲಿಲ್ಲ. ಅವಳು ಬಟ್ಟಲು, ಸೋಪು, ಪಾತ್ರೆ ತಿಕ್ಕುವ ನಾರು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ತಾನೇ ಬಂದು ನಾಲ್ಕು ಸಲ ತಿಕ್ಕಿದಳು. ನೊರೆ ಕೆಂಪಗೆ ಇಳಿಯಿತು. ಅದರಡಿಯಲ್ಲಿ, ಅಂಗೈಯಗಲ, ತಿಳಿಯಾದ ಬೂದಿ ಬಣ್ಣ ಕಂಡಿತು.

"ಒಂದು ಶೀಶೆ ಕೊಬ್ರಿ ಎಣ್ಣಿ ಕುಡಿಸ್ಯಾರಪ್ಪ ಇದಕ್ಕ," ಎಂದಳು. "ಅದರ ಮ್ಯಾಲೆ ಸಂಡೂರಿನ ಧೂಳು ಕುಂತೈತಿ."

ಬಣ್ಣದ ಪುಡಿಗೆ ಎಣ್ಣೆ ಕಲಸಿದರೆ ತೈಲವರ್ಣವಾಗುತ್ತದೆ, ಒಣಗಿದರೆ ಸುಲಭಕ್ಕೆ ಹೋಗುವುದಿಲ್ಲ ಎಂದು ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವವನು ನಾನು. ಬಿಸಿಲು ಮುಟ್ಟದ ಜಾಗವನ್ನೂ ಬಿಡದೆ ಅದಿರು ಮುಟ್ಟಿತ್ತು. ಅದಕ್ಕೆ ಎಣ್ಣೆ ಕಲಸಿಕೊಟ್ಟವನು ನಾನೇ, ಮೂರು ದಿನ ಕೂತು ಅದನ್ನೇ ನಕಲು ಮಾಡಿ ಕಾರಿಗೆಲ್ಲ ಬಳಿದವನೂ ನಾನೇ. ಜೇಬಿನಿಂದ ಕೀಲಿ ತೆಗೆದು ಮಾವನವರ ಮುಂದೆ ಹಿಡಿದೆ.

ಅವರು ತೆಗೆದುಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಒಮ್ಮೆ ಎದ್ದು ಧೋತರದ ಹಿಂಬದಿ ನೋಡಿಕೊಂಡರು. ಷಡ್ಡಕನ ಗಾಡಿಯಲ್ಲಿ ಬಂದದ್ದಕ್ಕೆ ಅದಾಗಲೇ ಕೆಂಪಾಗಿತ್ತು. ಎದುರಿಗೆ ನಿಂತಿದ್ದ ಆ ಗಾಡಿಯ ಒಳಗನ್ನು ನೋಡಿದರು. ಬೆಣ್ಣೆ ಬಣ್ಣದ ಸೀಟುಗಳು, ವರ್ಷ ತುಂಬುವ ಮೊದಲೇ ಕೆಂಪು ಕಲೆ ಕಲೆಯಾಗಿದ್ದವು.

"ಇವನದು ಬೆಣ್ಣಿ ಬಣ್ಣ, ದಿನಾ ಕೆಡ್ತೈತಿ. ನಿಮ್ಮದು ಕೆಡಂಗಿಲ್ಲ ಬಿಡ್ರಿ ಅಳಿಯಂದಿರ. ಕೆಡಾಕ ಏನೂ ಉಳಿದಿಲ್ಲ. ಕೀಲಿ ನಿಮ್ಮ ಹತ್ರ ಇರ್ಲಿ."

ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಷಡ್ಡಕ ಅಷ್ಟು ಹೊತ್ತೂ ನನ್ನ ಸೀಟಿನ ಮೇಲೆ ಕೈಯಾಡಿಸುತ್ತ ನಿಂತಿದ್ದ. ಮಾವನವರು ಕೈಕಾಲು ತೊಳೆಯಲು ಹೋದದ್ದೇ ತಡ, ಹತ್ತಿರ ಬಂದು ದನಿ ತಗ್ಗಿಸಿದ.

"ಅಣ್ಣಾರ, ಸೀಟಿನ ಮ್ಯಾಲೆ ಧೂಳು ಕಾಣ್ತೈತಿ ಅಂತ ಮನ್ಯಾಗ ದಿನಾ ಜಗಳ್ರಿ. ಈ ಕಲರ್ ನನ್ನ ಗಾಡಿಗೂ ಹಚ್ಚಿ ಕೊಡ್ರಿ. ಎಲ್ಲಿ ಸಿಗ್ತೈತ್ರಿ ಇದು?"

ನಾನು ಹುಬ್ಬಳ್ಳಿಯ ಅಂಗಡಿಯ ಹೆಸರು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ನಾರು ಹಿಂಡುತ್ತ ಹೇಳಿದಳು.

"ಕಲರ್ ನಿಮ್ಮ ಲಾರ್‍ಯಾಗ ಐತಲ್ರಿ. ಅದರ ಹಿಂದ ಗ್ಲಾಸ್ ಇಳಿಸಿ ಹೋಗ್ರಿ, ತಾನ ಹತ್ತತೈತಿ. ಎಣ್ಣಿ ಮಾತ್ರ ನಿಮ್ಮ ಮನಿಯಿಂದ ತರ್ರಿ."